ನೆಲಮಟ್ಟದ ಹೊಸಿಲು

ಅಣ್ಣ ಚಿತ್ರದುರ್ಗದಿಂದ ಮನೆಯ ನಕ್ಷೆ ಹಿಡಿದುಕೊಂಡು ಬಂದ ಸಂಜೆ ನಾನು ನೆಲದ ಮೇಲೆ ಕೂತು ಯಾರದೋ ಮದುವೆ ಬ್ಲೌಸಿನ ತೋಳು ಕತ್ತರಿಸುತ್ತಿದ್ದೆ. ಹಿರಿಯೂರಿನಲ್ಲಿ ಆಗ ನಾವಿದ್ದದ್ದು ಬಾಡಿಗೆ ಮನೆ. ಅಣ್ಣ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಅವ್ವ, ಅಣ್ಣ, ಅತ್ತಿಗೆ, ನಾನು, ಮನೆಯಲ್ಲಿ ಇಷ್ಟೇ ಜನ. ಅಪ್ಪ ನಾವು ಹರಿಯಬ್ಬೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಆಮೇಲೆ ಅಣ್ಣನ ಕೆಲಸದ ಹಿಂದೆ ನಾವೂ ಪೇಟೆಗೆ ಬಂದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಊರ ಹೊರಗೆ ಹೊಸದಾಗಿ ಆದ ಬಡಾವಣೆಯಲ್ಲಿ ಅಣ್ಣ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ಸೈಟು ತೆಗೆದುಕೊಂಡಿದ್ದ.

ಚಪ್ಪಲಿ ಬಿಡುತ್ತಲೇ, "ಎಲ್ರೂ ಬರ್ರಿ ಇಲ್ಲಿ, ನಮ್ಮ ಮನೆ ಬಂತು," ಎಂದು ಕೂಗಿದ. ನನ್ನ ಬಟ್ಟೆ, ಕತ್ತರಿ ಎಲ್ಲ ಒಂದು ಕಡೆ ಸರಿಸಿ ನೀಲಿ ಗೆರೆಗಳ ಆ ದೊಡ್ಡ ಹಾಳೆಯನ್ನು ನೆಲದ ಮೇಲೆ ಹರಡಿದ. ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟೆವು. ದುರ್ಗದ ಎಂಜಿನಿಯರು ಬಹಳ ಚೆನ್ನಾಗಿ ಬರೆದಿದ್ದರು. ಮುಂದೆ ಕಂಬವಿಟ್ಟ ಪೋರ್ಟಿಕೋ, ಅದಕ್ಕೆ ಐದು ಮೆಟ್ಟಿಲು. ಕೆಳಗೆ ಹಾಲು, ಅಡುಗೆಮನೆ, ಒಂದು ರೂಮು. ಹಾಲಿನ ಮೂಲೆಯಿಂದ ಮೇಲೆ ಹೋಗುವ ಮೆಟ್ಟಿಲು. ಮೇಲೆ ಎರಡು ರೂಮು, ಬಚ್ಚಲು, ಬಟ್ಟೆ ಒಣಗಿಸಲು ಬಯಲು. ಅಣ್ಣ ಬೆರಳಿಟ್ಟು ಒಂದೊಂದನ್ನೇ ತೋರಿಸಿದ. "ಇದು ಅವ್ವಂದು. ಇದು ನಮ್ದು. ಇದು ಹುಟ್ಟೋ ಕೂಸಿಗೆ." ಅತ್ತಿಗೆಗೆ ಆಗ ಮೂರು ತಿಂಗಳು.

ನಾನು ಆ ಹಾಳೆಯಲ್ಲಿ ನನ್ನನ್ನು ಹುಡುಕುತ್ತಿದ್ದೆ. ಸಿಗಲಿಲ್ಲ.

"ನಾನೆಲ್ಲಿರ್ತೀನಣ್ಣ?" ಎಂದು ಕೇಳಿದೆ. ಕೊಂಕು ಇರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದೆ.

ಅಣ್ಣ ತಡವರಿಸಿದ. "ಹಾಲ್‌ನಾಗೆ ಕಿಟಕಿ ಪಕ್ಕ ಒಂದು ದಿವಾನ ಹಾಕ್ಸಾಣ. ನಿನಗೆ ಟೀವಿನೂ ಕಾಣ್ಸುತ್ತೆ."

ಅವನು ನನ್ನನ್ನು ಪ್ರೀತಿಸದವನಲ್ಲ. ಹರಿಯಬ್ಬೆಯಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಏಳನೇ ಕ್ಲಾಸಿನವರೆಗೆ ಶಾಲೆಗೆ ಕರೆದೊಯ್ದವನು ಅವನೇ. ಎರಡು ವರ್ಷದ ಕೂಸಾಗಿದ್ದಾಗ ನನಗೆ ಪೋಲಿಯೋ ಬಂದಿತ್ತು. ಎರಡೂ ಕಾಲಲ್ಲಿ ಬಲವಿಲ್ಲ. ಹೊರಗೆ ಹೋಗುವಾಗ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಊರುಗೋಲಲ್ಲಿ ಹೋಗುತ್ತಿದ್ದೆ, ದೂರವಾದರೆ ಕೈಯಿಂದ ಪೆಡಲು ತಿರುಗಿಸುವ ಮೂರು ಚಕ್ರದ ಗಾಡಿ. ಮನೆಯೊಳಗೆ ಮಾತ್ರ ಇದೆಲ್ಲ ಬೇಡ. ಅಂಗೈ ಊರಿ, ಕೂತಲ್ಲಿಂದಲೇ ಮೈ ಮುಂದಕ್ಕೆ ಎಳೆದುಕೊಂಡು ಓಡಾಡುತ್ತಿದ್ದೆ. ಹೊಲಿಗೆಗೆ ಕೈಯಲ್ಲಿ ತಿರುಗಿಸುವ ಮಷೀನು ಇತ್ತು. ನಮ್ಮ ಬೀದಿಯ ಅರ್ಧ ಬ್ಲೌಸುಗಳು ನನ್ನ ಕೈಯಿಂದಲೇ ಹೋಗುತ್ತಿದ್ದವು.

ಅಂಥವಳಿಗೆ ಆ ಬಾಡಿಗೆ ಮನೆ ಹೇಗಿತ್ತೆಂದರೆ, ಅಡುಗೆಮನೆಯಿಂದ ಪಡಸಾಲೆಗೆ ಒಂದು ಹೊಸಿಲು, ಪಡಸಾಲೆಯಿಂದ ಹಿತ್ತಲಿಗೆ ಒಂದು, ಹಿತ್ತಲಿಂದ ಅಂಗಳ ದಾಟಿ ಕಕ್ಕಸಿಗೆ ಇನ್ನೊಂದು. ಒಂದೊಂದೂ ಗೇಣು ಎತ್ತರ. ದಾಟುವಾಗ ಎರಡೂ ಕೈಯಿಂದ ಮೈ ಎತ್ತಿ ಆ ಕಡೆ ಹಾಕಬೇಕು. ಮಳೆ ಬಂದರೆ ಅಂಗಳದ ಕೆಸರು. ಯಾರಾದರೂ ಬಂದಿದ್ದರೆ ಅವರು ಹೋಗುವ ತನಕ ನಾನು ಹಿತ್ತಲಿಗೆ ಹೋಗುತ್ತಿರಲಿಲ್ಲ. ಅದಕ್ಕಾಗಿ ನೀರನ್ನೇ ಕಡಿಮೆ ಕುಡಿಯುತ್ತಿದ್ದೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೆ.

ಆ ಸಂಜೆ ನನಗೆ ಎಲ್ಲಿಂದ ಧೈರ್ಯ ಬಂತೋ. "ಅಣ್ಣ, ಮಹಡಿ ಮೇಲೆ ನೀನೇನು ಕಟ್ಟಿದ್ರೂ ಅದನ್ನ ನಾನು ಯಾವತ್ತೂ ನೋಡಲ್ಲ," ಎಂದೆ.

ಅವ್ವ ಎದ್ದು ಒಳಗೆ ಹೋದಳು. ಮೂಲೆಯ ಒಂದು ಲೋಟ ಎತ್ತಿಕೊಂಡದ್ದು ಅತ್ತಿಗೆ. ಹಾಳೆಯ ಆ ಮೂಲೆ ತಾನಾಗಿಯೇ ಸುರುಳಿ ಸುತ್ತಿಕೊಂಡಿತು. ಅವಳು ಮದುವೆಯಾಗಿ ಬಂದು ಆಗಿನ್ನೂ ಎರಡು ವರ್ಷ. ಹೊಸದುರ್ಗದ ಹೆಣ್ಣು, ಹೆಚ್ಚು ಮಾತಿಲ್ಲ. ಅಣ್ಣನಿಗೆ ಹೇಳಿದಳು, "ಬ್ಲೌಸಿಗೆ ಅಳತೆ ತಗಂಡು ಕಾಗದ ಕತ್ತರ್ಸೋಳು ಮನೆಯಾಗೇ ಅವ್ಳೆ. ಒಂದ್ಸಲ ಅವಳ ಕೈಲೇ ಬರ್ಸಿ ನೋಡ್ರಿ."

ಅಣ್ಣ ನಕ್ಕ. ಆದರೆ ಮಾರನೇ ದಿನ ಪೇಟೆಯಿಂದ ಕಂದು ಬಣ್ಣದ ದಪ್ಪ ಕಾಗದ ನಾಲ್ಕು ಹಾಳೆ ತಂದುಕೊಟ್ಟ. "ಬರಿ ನೋಡಾಣ. ನಿನ್ನ ಮನೆ ನಿಲ್ಲಂಗಿದ್ರೆ ಎಂಜಿನಿಯರಿಗೆ ತೋರಿಸ್ತೀನಿ," ಎಂದ.

ಹೊಲಿಗೆಯವರಿಗೆ ಕಾಗದದ ಮೇಲೆ ಮೈ ಬರೆಯುವುದು ಗೊತ್ತು. ಮನೆ ಬರೆಯುವುದು ಅಷ್ಟೇನೂ ಬೇರೆ ಅನಿಸಲಿಲ್ಲ. ಒಂದು ಅಡಿಗೆ ಟೇಪಿನ ಒಂದು ಇಂಚು ಎಂದುಕೊಂಡೆ. ಗಂಜಿ ಹಚ್ಚಿ ಹಾಳೆಗಳನ್ನು ಅಂಟಿಸಿ ಮೂವತ್ತು ಇಂಚು ಅಗಲ, ನಲವತ್ತು ಇಂಚು ಉದ್ದಕ್ಕೆ ಕತ್ತರಿಸಿದೆ. ಅದೇ ನಮ್ಮ ಸೈಟು. ಉಳಿದ ಚೂರು ಬಟ್ಟೆಯಲ್ಲಿ ಮಂಚ, ಬೀರು, ಹೊಲಿಗೆ ಮಷೀನು, ಅವ್ವನ ರಾಗಿಕಲ್ಲು ಎಲ್ಲವನ್ನೂ ಅದೇ ಅಳತೆಗೆ ಕತ್ತರಿಸಿ ಕಾಗದದ ಮೇಲಿಟ್ಟು ಸರಿಸುತ್ತಾ ಕೂತೆ. ಕೆಂಪು ಪಾಪ್ಲಿನ್ ಚೂರು ಅಣ್ಣ ಅತ್ತಿಗೆಯ ಮಂಚ. ಹಸಿರು ವಾಯಿಲು ಬಟ್ಟೆಯದು ತೊಟ್ಟಿಲು.

ಹದಿನೈದು ದಿನ ಅದೇ ಕೆಲಸ. ಬಟ್ಟೆ ಕೊಟ್ಟವರು ಬಂದು "ಆಯ್ತಾ?" ಎಂದರೆ "ನಾಳೆ" ಎನ್ನುತ್ತಿದ್ದೆ. ಮಹಡಿ ತೆಗೆದ ಮೇಲೆ ಎಲ್ಲವನ್ನೂ ಒಂದೇ ನೆಲದ ಮೇಲೆ ಹಿಡಿಸಬೇಕು. ಪೋರ್ಟಿಕೋ ಬಿಟ್ಟೆ. ಮೆಟ್ಟಿಲಿಗೆ ಹೋಗುತ್ತಿದ್ದ ಜಾಗ ಉಳಿಯಿತು. ಪೂರ್ವಕ್ಕೆ ಮುಖ. ಮುಂದೆ ಸಣ್ಣ ಜಗಲಿ, ಜಗಲಿಗೆ ಎರಡು ಬಾಗಿಲು. ಒಂದು ಹಾಲಿಗೆ ಹೋಗುವ ಹೆಬ್ಬಾಗಿಲು, ಇನ್ನೊಂದು ನನ್ನ ಹೊಲಿಗೆ ಕೋಣೆಗೆ, ಗಿರಾಕಿಗಳು ಮನೆಯೊಳಗೆ ಬರದೆ ನೇರ ನನ್ನ ಹತ್ತಿರ ಬರಲಿ ಎಂದು. ಅವ್ವನ ಮಾತಿನಂತೆ ಅಡುಗೆಮನೆ ಆಗ್ನೇಯ ಮೂಲೆಗೆ. ಹಿಂದೆ ಎರಡು ರೂಮು, ಒಂದು ಅಣ್ಣ ಅತ್ತಿಗೆಗೆ, ಒಂದು ಅವ್ವನಿಗೂ ನನಗೂ. ಆ ಎರಡರ ನಡುವೆ ಬಚ್ಚಲು ಮತ್ತು ಕಕ್ಕಸು.

"ಮನೆಯೊಳಗೇ ಕಕ್ಕಸಾ?" ಎಂದಳು ಅವ್ವ.

ಅತ್ತಿಗೆ ಹೇಳಿದಳು, "ಅಡುಗೆಮನೆ ಈ ತುದಿಗೈತೆ, ಅದು ಆ ತುದಿಗೈತೆ ಅತ್ತೆ. ನಡುವೆ ಇಡೀ ಹಾಲ್ ಐತಲ್ಲ." ಅವ್ವ ಗೊಣಗಿದಳು, ಆದರೆ ಒಪ್ಪಿದಳು. ಅವಳಿಗೂ ಕತ್ತಲಲ್ಲಿ ಹಿತ್ತಲಿಗೆ ಹೋಗಿ ಹೋಗಿ ಸಾಕಾಗಿತ್ತು ಅಂತ ಕಾಣುತ್ತದೆ.

ಅಣ್ಣ ಆ ಕಾಗದದ ಮುಂದೆ ಬಹಳ ಹೊತ್ತು ಕೂತಿದ್ದ. ಅವನ ಆಸೆಯ ಕಂಬಗಳು ಅದರಲ್ಲಿರಲಿಲ್ಲ. ಜೊತೆಯ ಮೇಷ್ಟ್ರುಗಳೆಲ್ಲ ಮಹಡಿ ಮನೆ ಕಟ್ಟುತ್ತಿದ್ದ ಕಾಲ ಅದು. ಹಸಿರು ತೊಟ್ಟಿಲನ್ನು ಬೆರಳಲ್ಲಿ ಎತ್ತಿ ಮತ್ತೆ ಅಲ್ಲೇ ಇಟ್ಟು, "ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಕಾಣ್ಸುತ್ತೆ ಕಣಮ್ಮ," ಎಂದ. "ಆಟ ಆಡೋ ಮುಂಚೆ ಅಂಕಣ ಹಾಕ್ಬೇಕು. ಭಾನುವಾರ ಸೈಟಿಗೆ ಹೋಗಾಣ."

ಅವನು ಹೇಳಿದ್ದು ತಮಾಷೆಗಲ್ಲ. ಶಾಲೆಯ ಮೈದಾನದಲ್ಲಿ ಕಬಡ್ಡಿಗೂ ಖೋಖೋಗೂ ಸುಣ್ಣದ ಗೆರೆ ಎಳೆಯುವುದು ಅವನ ದಿನದ ಕೆಲಸ. ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಗೂಟ, ಹಗ್ಗ, ಒಂದು ಚೀಲ ಸುಣ್ಣದ ಪುಡಿ ಆಟೋಗೆ ಹಾಕಿಕೊಂಡು ನಾಲ್ಕೂ ಜನ ಹೊರಟೆವು. ಅತ್ತಿಗೆ ಒಂದು ಪಾತ್ರೆ, ರವೆ, ಸೌದೆ ತಂದಿದ್ದಳು. "ಅಡುಗೆಮನೆ ನೋಡ್ಬೇಕಂದ್ರೆ ಅಡುಗೆ ಮಾಡ್ಬೇಕಲ್ಲ," ಎಂದಳು.

ಸೈಟಿನಲ್ಲಿ ಮೇಸ್ತ್ರಿ ಕಾಯುತ್ತಿದ್ದರು. ಹೊಳಲ್ಕೆರೆ ಕಡೆಯವರು, ಅದೇ ಬಡಾವಣೆಯಲ್ಲಿ ಇನ್ನೊಂದು ಮನೆ ಕಟ್ಟುತ್ತಿದ್ದರು. ನನ್ನ ಕಂದು ಕಾಗದ ನೋಡಿ ಅವರಿಗೆ ನಗು ಬಂತು, ಆದರೆ ತಡೆದುಕೊಂಡರು.

"ಕಾಗದದಾಗೆ ಐತಲ್ರಿ ಮೇಷ್ಟ್ರೆ, ಮತ್ತೆ ಸುಣ್ಣ ಯಾಕ್ರಿ?"

"ನನ್ನ ತಂಗಿ ಒಂದ್ಸಲ ಓಡಾಡಿ ನೋಡ್ಲಿ ಅಂತ," ಎಂದ ಅಣ್ಣ. ಹೇಳಿದ ಮೇಲೆ ಆ ಮಾತಿಗೆ ಅವನೇ ನಾಲಿಗೆ ಕಚ್ಚಿಕೊಂಡ.

"ಕುಂತ್ಕಂಡೇ ಓಡಾಡ್ತೀನಿ ಮೇಸ್ತ್ರಿ," ಎಂದೆ ನಾನು. "ನೀವು ಗೆರೆ ಅಳಿಸ್ದಂಗೆ ನಿಂತ್ಕಳ್ರಿ, ಸಾಕು."

ಅಣ್ಣ ಹಗ್ಗ ಹಿಡಿದು, ಮೇಸ್ತ್ರಿ ಮೂಲೆಮಟ್ಟ ನೋಡಿ, ಒಂದು ಗಂಟೆಯಲ್ಲಿ ಇಡೀ ಮನೆ ನೆಲದ ಮೇಲೆ ಬಿಳಿಯಾಗಿ ಮೂಡಿತು. ಬಾಗಿಲಿದ್ದಲ್ಲಿ ಗೆರೆ ಬಿಟ್ಟಿದ್ದರು. ನೋಡಿ ನನಗೆ ನಗು ಬಂತು, ಇಷ್ಟು ಚಿಕ್ಕದೇ ನಮ್ಮ ಮನೆ ಅಂತ. ಗೋಡೆಯಿಲ್ಲದ ಮನೆ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ ಎಂದು ಮೇಸ್ತ್ರಿ ಆಮೇಲೆ ಹೇಳಿದರು.

ಆಟೋದಲ್ಲಿದ್ದ ಗೋಣಿಚೀಲಗಳನ್ನು ಅತ್ತಿಗೆ ದಾರಿಯುದ್ದಕ್ಕೆ ಹಾಸಿದಳು. ನಾನು ಕಾಲಿನ ಪಟ್ಟಿ ಬಿಚ್ಚಿಟ್ಟು ನೆಲಕ್ಕಿಳಿದೆ. ಜಗಲಿಯಿಂದ ಹೊಲಿಗೆ ಕೋಣೆ, ಹೊಲಿಗೆ ಕೋಣೆಯಿಂದ ಹಾಲು, ಹಾಲಿನಿಂದ ಅಡುಗೆಮನೆ. ಅಲ್ಲಿ ಅತ್ತಿಗೆ ಮೂರು ಕಲ್ಲು ಹೂಡಿ ಉಪ್ಪಿಟ್ಟಿಗೆ ಎಸರಿಟ್ಟಿದ್ದಳು. ನಾನು ಒಳಗೆ ಹೋದೆ, ಇಬ್ಬರಿಗೂ ಜಾಗ ಸಾಲಲಿಲ್ಲ. ಅವಳು ತಿರುಗಿದರೆ ಅವಳ ಮೊಣಕಾಲು ನನ್ನ ಭುಜಕ್ಕೆ.

"ಹಿಂಗಾದ್ರೆ ಬಿಸಿ ಸಾರು ನಿನ್ನ ತಲೆ ಮೇಲೇ," ಎಂದಳು.

ಅವಳ ಅಡುಗೆಕಟ್ಟೆ ನಿಂತು ಮಾಡುವಷ್ಟು ಎತ್ತರ. ನನಗೂ ಕೂತು ತರಕಾರಿ ಹೆಚ್ಚಲು, ರೊಟ್ಟಿ ತಟ್ಟಲು ಒಂದು ಕಟ್ಟೆ ಬೇಕು. ಎದುರು ಗೋಡೆಗೆ ಒಂದೂವರೆ ಅಡಿ ಎತ್ತರದಲ್ಲಿ ಕಡಪ ಕಲ್ಲು ಹಾಕೋಣ ಎಂದು ಅಲ್ಲೇ ತೀರ್ಮಾನವಾಯಿತು. ಹಾಲಿನಿಂದ ಒಂದು ಅಡಿ ಕಡಿದು ಅಡುಗೆಮನೆಗೆ ಕೊಟ್ಟೆವು.

ಅತ್ತ ಅಣ್ಣ ತನ್ನ ಮಂಚವಿರುವ ಕಡೆ ಉದ್ದಕ್ಕೆ ಮಲಗಿ ನೋಡಿದ. ತಲೆ ಗೆರೆ ದಾಟಿ ಬಚ್ಚಲಲ್ಲಿತ್ತು. ಪಕ್ಕದ ಸೈಟಿನಲ್ಲಿ ಕಲ್ಲು ಇಳಿಸುತ್ತಿದ್ದ ಕೆಲಸದವರು ನಿಂತು ನೋಡಿ ನಕ್ಕರು. "ಸೋಪು ಕೊಡ್ಲೇನ್ರಿ ಮೇಷ್ಟ್ರೆ?" ಎಂದ ಒಬ್ಬ.

ಆದರೆ ಬಚ್ಚಲಲ್ಲಿ ನಿಜವಾಗಿ ಸಿಕ್ಕಿಕೊಂಡದ್ದು ನಾನು. ನಾಲ್ಕು ಅಡಿ ಅಗಲ ಸಾಕು ಎಂದುಕೊಂಡಿದ್ದೆ. ಒಳಗೆ ಹೋದೆ, ತಿರುಗಲು ಆಗಲಿಲ್ಲ. ಬಾಗಿಲು ಹಾಕಿಕೊಳ್ಳಬೇಕಾದರೆ ಮೊದಲು ತಿರುಗಬೇಕಲ್ಲ? ಹಿಂದಕ್ಕೇ ಸರಿದು ಹೊರಗೆ ಬಂದೆ. ಎಲ್ಲರ ಎದುರಿಗೆ ಹೇಗೆ ಹೇಳುವುದು ಎಂದು ಸುಮ್ಮನೆ ಕೂತೆ. ಅಲ್ಲಿಯವರೆಗೂ ಏನಿದ್ದರೂ ಅಣ್ಣನನ್ನೇ ಕೇಳುತ್ತಿದ್ದ ಮೇಸ್ತ್ರಿ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತರು.

"ಎಷ್ಟು ಬೇಕು ಹೇಳಕ್ಕ. ಇದು ಸುಣ್ಣ. ಈಗ ಕಾಲಲ್ಲಿ ಒರ್ಸಿದ್ರೆ ಹೋಗ್ತದೆ. ನಾಳೆ ಗೋಡೆ ಆದ್ಮೇಲೆ ಹೇಳಿದ್ರೆ ಸುತ್ತಿಗೆ ತರ್ಬೇಕು."

"ಐದೂವರೆ," ಎಂದೆ. "ಆಮೇಲೆ ಬಾಗಿಲು ಹೊರಗಡೆಗೆ ತೆಗಿಯಂಗಿರ್ಬೇಕು."

ಅವರು ಎದ್ದು ಕಾಲಲ್ಲಿ ಗೆರೆ ಅಳಿಸಿ ಹೊಸ ಗೆರೆ ಹಾಕಿದರು. ಅಣ್ಣನ ರೂಮು ಚಿಕ್ಕದಾಯಿತು. "ಹೋಗ್ಲಿ ಬಿಡು, ಮಂಚ ಅಡ್ಡ ತಿರುಗಿಸಿ ಹಾಕ್ಕಂತೀನಿ," ಎಂದ ಅವನು. ಮತ್ತೆ ಒಳಗೆ ಹೋದೆ, ತಿರುಗಿದೆ, ಇಲ್ಲದ ಬಾಗಿಲನ್ನು ಎಳೆದುಕೊಂಡೆ. ನಾನೊಬ್ಬಳೇ ಒಳಗೆ. ಆ ಕ್ಷಣದ ಸಂತೋಷವನ್ನು ಕಾಲಿದ್ದವರಿಗೆ ವಿವರಿಸುವುದು ಕಷ್ಟ.

ಅಷ್ಟರಲ್ಲಿ ಅವ್ವ ಎಲೆ ಅಡಿಕೆ ಹಾಕಿಕೊಂಡು ಮನೆ ನೋಡಲು ಎದ್ದಳು. ಹೆಬ್ಬಾಗಿಲ ಹತ್ತಿರ ಬಂದಳು. ಸೆರಗು ಸರಿಮಾಡಿಕೊಂಡು, ಬಲಗಾಲನ್ನು ಎತ್ತರಕ್ಕೆ ಎತ್ತಿ, ಅಲ್ಲಿ ಇಲ್ಲದ ಹೊಸಿಲನ್ನು ದಾಟಿ ಒಳಗಿಟ್ಟಳು. ಮೇಸ್ತ್ರಿ ಕೂಡ ನಗಲಿಲ್ಲ.

"ಇಲ್ಲಿ ಹೊಸಿಲು ಎಷ್ಟೆತ್ತರ ಬರುತ್ತಪ್ಪ?" ಎಂದು ಕೇಳಿದಳು.

ಅಣ್ಣ ನನ್ನ ಮುಖ ನೋಡಿದ. ಹೇಳಬೇಕಾದವಳು ನಾನೇ. "ಹೊಸಿಲು ಇಲ್ಲವ್ವ. ಯಾವ ಬಾಗ್ಲಿಗೂ ಇಲ್ಲ."

ಅವ್ವ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಗೇ ನಿಂತಳು. "ಹೊಸಿಲಿಲ್ದಿದ್ರೆ ಅದು ಮನೆಯಾ? ಎಲ್ಲಿ ಅರಿಶಿನ ಹಚ್ಲಿ ನಾನು? ಲಕ್ಷ್ಮಿ ಎಲ್ಲಿ ಕಾಲಿಟ್ಟು ಬರ್ಬೇಕು? ಬಸ್‌ಸ್ಟ್ಯಾಂಡಿಗೂ ಮನೆಗೂ ಏನು ವ್ಯತ್ಯಾಸ?"

"ಅವ್ವ, ನಾನು ದಿನಕ್ಕೆ ಎಷ್ಟು ಸಲ…"

"ನಂಗೊತ್ತಿಲ್ವಾ ಅದು?" ಎಂದಳು. ದನಿ ಒಡೆದಿತ್ತು. "ಹೊಸಿಲು ಇಟ್ಟು ನೆಲದ ಮಟ್ಟಕ್ಕೆ ಇಳ್ಸಾಣ ಅಂದ್ರೂ ಎಲ್ರೂ ಅದನ್ನ ತುಳಿತಾರೆ. ಹೊಸಿಲು ತುಳೀಬಾರ್ದು ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ ನಾನು?"

ಹೇಳಿದ್ದಳು. ಚಿಕ್ಕವಳಿದ್ದಾಗ ಹೊಸಿಲ ಮೇಲೆ ಸುಸ್ತಾಗಿ ಕೂತರೆ ಬೈಯುತ್ತಿದ್ದಳು, ಬೈದು ತಾನೇ ಎತ್ತಿ ಒಳಗಿಡುತ್ತಿದ್ದಳು. ಉಪ್ಪಿಟ್ಟನ್ನು ಆ ದಿನ ಅವ್ವ ತಿನ್ನಲಿಲ್ಲ. ಆಟೋದಲ್ಲಿ ವಾಪಸು ಬರುವಾಗ ಎಲ್ಲರ ಬಟ್ಟೆಗೂ ಸುಣ್ಣ ಮೆತ್ತಿತ್ತು.

ಒಂದು ವಾರ ಕಳೆದ ಮೇಲೆ ಅವ್ವನ ಮಾತನ್ನು ಅತ್ತಿಗೆ ತಂದಳು. ಒಳಗಿನ ಯಾವ ಬಾಗಿಲಿಗೂ ಹೊಸಿಲು ಬೇಡ. ಹೊಲಿಗೆ ಕೋಣೆಗೂ ಬೇಡ. ಆದರೆ ಹೆಬ್ಬಾಗಿಲಿಗೆ ಇರಬೇಕು. ನಾನು ಹೊಲಿಗೆ ಕೋಣೆಯಿಂದಲೇ ಹೋಗಿ ಬರಲಿ, ಅದೂ ಅದೇ ಜಗಲಿಗೇ ತಾನೆ ಇರುವುದು?

ನ್ಯಾಯವಾಗಿಯೇ ಇತ್ತು. ಆಗಲಿ ಎಂದೆ. ಬಾಗಿಲು ಬಾಗಿಲಿಗೆ ಇದ್ದ ಅಂತರ ಆರು ಅಡಿ. ಆದರೂ ಹಬ್ಬದ ದಿನ ಎಲ್ಲರೂ ತೋರಣ ಕಟ್ಟಿದ ಬಾಗಿಲಿಂದ ಒಳಗೆ ಹೋಗುವಾಗ ನಾನು ಗಿರಾಕಿಗಳ ಬಾಗಿಲಿಂದ ಹೋಗುತ್ತೇನೆ ಎಂಬುದು ಮನಸ್ಸಿನಲ್ಲಿ ಸಣ್ಣ ಮುಳ್ಳಿನಂತೆ ಉಳಿಯಿತು. ಇಷ್ಟೆಲ್ಲ ಸಿಕ್ಕ ಮೇಲೆ ಇದನ್ನೂ ಕೇಳುವುದು ಅತಿಯಾಸೆ ಎಂದು ನನಗೆ ನಾನೇ ಬೈದುಕೊಂಡೆ.

ಎಂಜಿನಿಯರು ನನ್ನ ಕಾಗದ ನೋಡಿ ಅಣ್ಣನಿಗೆ, "ಯಾರ್ರೀ ಇದು ಬರ್ದಿದ್ದು?" ಎಂದರಂತೆ. ಗೋಡೆ ದಪ್ಪ ನಾನು ಎಲ್ಲೂ ಲೆಕ್ಕ ಹಿಡಿದಿರಲಿಲ್ಲ, ಗೆರೆಯನ್ನೇ ಗೋಡೆ ಎಂದುಕೊಂಡಿದ್ದೆ. ಅದನ್ನು ಸರಿಮಾಡಿದರು. ಪಾಯದ ಎತ್ತರದ ಬಗ್ಗೆ ಮಾತ್ರ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. ರಸ್ತೆ ನಾಳೆ ಎತ್ತರವಾದರೆ ನೀರು ಒಳಗೆ ನುಗ್ಗುತ್ತದೆ, ಮೂರು ಅಡಿ ಎತ್ತಲೇಬೇಕು ಎಂದು ಅವರು. ಒಂದೇ ಅಡಿ ಸಾಕು ಎಂದು ನಾನು. ಕೊನೆಗೆ ಒಂದೂವರೆ ಅಡಿಗೆ ಒಪ್ಪಿದೆವು. ಮನೆ ಮುಂದೆ ಅಡ್ಡಲಾಗಿ, ಮೂಲೆಯ ಗೇಟಿನಿಂದ ಜಗಲಿಯವರೆಗೆ ಹದಿನೆಂಟು ಅಡಿ ಉದ್ದಕ್ಕೆ ಮೆಲ್ಲನೆ ಏರುವ ಇಳಿಜಾರು. ನನ್ನ ಮೂರು ಚಕ್ರದ ಗಾಡಿ ಯಾರೂ ತಳ್ಳದೆ ಹತ್ತಬೇಕು.

ಗೋಡೆ ಏಳುವ ಮೊದಲು ಬಾಗಿಲುವಾಡ ನಿಲ್ಲಿಸುವ ಶಾಸ್ತ್ರ. ತೇಗದ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ ಪಾಯದ ಮೇಲೆ ಮಲಗಿಸಿದ್ದರು. ಅಕ್ಕಪಕ್ಕದ ಏಳೆಂಟು ಹೆಂಗಸರು ಬಂದಿದ್ದರು. ಇಳಿಜಾರು ಇನ್ನೂ ಆಗಿರಲಿಲ್ಲ, ಹಲಗೆ ಇಟ್ಟಿದ್ದರು. ಹೆಬ್ಬಾಗಿಲ ಜಾಗದಲ್ಲಿ ಪೂಜೆ ನಡೆಯುತ್ತಿದ್ದದ್ದರಿಂದ ನಾನು ಹೊಲಿಗೆ ಕೋಣೆಯ ಕಡೆಯಿಂದ ಒಳಗೆ ಹೋಗಬೇಕಾಯಿತು. ಅಲ್ಲಿ ಜಲ್ಲಿ ಸುರಿದಿದ್ದರು. ಹೇಗೂ ಅಭ್ಯಾಸವಿದೆಯಲ್ಲ ಎಂದು ಅದರ ಮೇಲೇ ಅಂಗೈ ಊರಿ ದಾಟಿ, ಹೆಂಗಸರ ನಡುವೆ ಹೋಗಿ ಕೂತೆ.

ಅವ್ವ ಎಲ್ಲರಿಗೂ ಪ್ರಸಾದ ಕೊಡುತ್ತಾ ಬಂದು ನನ್ನ ಕೈ ಹಿಡಿದಳು. ಅಂಗೈ ತರಚಿ ರಕ್ತ ಜಿನುಗುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನೋಡಿದಳು. ಯಾವ ಕಡೆಯಿಂದ ಬಂದೆ ಎಂದು ತಿರುಗಿ ಆ ಜಲ್ಲಿಯನ್ನೂ ನೋಡಿದಳು. ಸೆರಗಿನ ತುದಿಯಿಂದ ಒರೆಸಿ, ಎದ್ದು ಮೇಸ್ತ್ರಿ ಹತ್ತಿರ ಹೋದಳು.

"ಅಪ್ಪಾ, ಈ ಕೆಳಗಿನ ಮರ ಎಷ್ಟು ಮೇಲೆ ನಿಲ್ಲುತ್ತೆ?"

"ನಾಲ್ಕು ಇಂಚಮ್ಮ. ನೀವು ಹೇಳ್ದಂಗೆ."

"ಅದನ್ನ ನೆಲಕ್ಕೆ ಇಳ್ಸು. ಮೇಲೆ ಏನೂ ಕಾಣ್ಬಾರ್ದು, ಬರೀ ಮರದ ಮುಖ ಕಾಣ್ಬೇಕು."

ಮೇಸ್ತ್ರಿ ಅಣ್ಣನ ಕಡೆ ನೋಡಿದರು. ಹೆಂಗಸರಲ್ಲಿ ಹಿರಿಯಳೊಬ್ಬಳು, "ಅಯ್ಯೋ, ಹೊಸಿಲು ತುಳಿಯಂಗಾಗುತ್ತಲ್ಲವ್ವ," ಎಂದಳು.

"ತುಳೀಲಿ," ಎಂದಳು ಅವ್ವ. "ದಿನಾ ಬೆಳಿಗ್ಗೆ ನಾನು ತೊಳ್ದು ಅರಿಶಿನ ಹಚ್ತೀನಿ. ಹಚ್ಚಿದ್ಮೇಲೆ ನನ್ನ ಮಗಳು ಅದರ ಮೇಲೆ ಬರ್ತಾಳೆ. ನೆಲಕ್ಕೆ ಐತೆ ಅಂತ ಲಕ್ಷ್ಮಿ ಬರಲ್ಲ ಅಂದ್ರೆ ಅವಳ್ಯಾವ ಲಕ್ಷ್ಮಿ?"

ಮೇಸ್ತ್ರಿ ತಮ್ಮವರಿಗೆ ಗುಣಿ ಇನ್ನೂ ನಾಲ್ಕು ಇಂಚು ತೋಡಲು ಹೇಳಿದರು. ಅಣ್ಣ ಮುಖ ಆ ಕಡೆ ತಿರುಗಿಸಿಕೊಂಡು ಹಗ್ಗ ಸುತ್ತುತ್ತಿದ್ದ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ನಾನು ಅಳಲಿಲ್ಲ. ಅಳಬಾರದು ಎಂದೇನಲ್ಲ, ಅಷ್ಟು ಜನರ ನಡುವೆ ನನಗೆ ಒಂದೇ ಸಮ ನಗು ಬರುತ್ತಿತ್ತು.

ಗೃಹಪ್ರವೇಶದ ದಿನ ಹಸುವಿನ ಹಿಂದೆ ಮೊದಲು ಒಳಗೆ ಹೋದವಳು ನಾನು. ಕೆಂಪು ಗಾರೆಯ ನೆಲ, ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಅಂಗೈ ಊರಿದರೆ ಮೈ ತಾನಾಗಿಯೇ ಜಾರುತ್ತಿತ್ತು. ಹೊಲಿಗೆ ಕೋಣೆಯ ಕಿಟಕಿ ನೆಲದಿಂದ ಒಂದೇ ಅಡಿಗೆ ಶುರುವಾಗುತ್ತಿತ್ತು. ಇಪ್ಪತ್ತೇಳು ವರ್ಷ ನಾನು ಮನೆಯೊಳಗೆ ಕೂತು ಕಿಟಕಿಯಲ್ಲಿ ನೋಡಿದ್ದು ಬರೀ ಆಕಾಶ. ಈಗ ಬೀದಿ ಕಂಡಿತು. ಹಾಲಿನವನ ಸೈಕಲ್ಲು, ಎದುರು ಮನೆ ಬೇಲಿ, ಶಾಲೆಗೆ ಹೋಗುವ ಮಕ್ಕಳ ಮುಖ. ಸ್ವಿಚ್ಚುಗಳೆಲ್ಲ ಎರಡೂವರೆ ಅಡಿ ಎತ್ತರಕ್ಕೆ. ಬಂದ ನೆಂಟರು ಕತ್ತಲಲ್ಲಿ ಗೋಡೆ ತಡಕಾಡಿ, "ಏನ್ರೀ ನಿಮ್ಮನೆ ಸ್ವಿಚ್ಚು ಎಲ್ಲಿ ಅಡಗೈತೆ?" ಎನ್ನುತ್ತಿದ್ದರು.

ಎಲ್ಲವೂ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವ್ವನ ರೂಮಿಗೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಡಿಸಿದ್ದು ನನ್ನ ತಪ್ಪು. ಹಿರಿಯೂರಿನ ಏಪ್ರಿಲ್ ಬಿಸಿಲು ಮಧ್ಯಾಹ್ನದಿಂದ ಸಂಜೆವರೆಗೆ ಆ ರೂಮನ್ನು ಹೆಂಚಿನಂತೆ ಕಾಯಿಸುತ್ತಿತ್ತು. ಆಮೇಲೆ ಹೊರಗೆ ತೆಂಗಿನ ಗರಿಯ ಚಪ್ಪರ ಹಾಕಿ, ಹೊಂಗೆ ಗಿಡ ನೆಟ್ಟೆವು. ಬಚ್ಚಲಿಗೂ ಹಾಲಿಗೂ ನಡುವೆ ಕಟ್ಟೆ ಇಲ್ಲದ್ದರಿಂದ ಮೊದಲ ವಾರವೇ ನೀರು ಹಾಲಿಗೆ ಬಂತು. ಮೇಸ್ತ್ರಿ ಬಂದು ಬಚ್ಚಲಿನ ನೆಲ ಒಡೆದು ನೀರು ಹರಿಯುವ ವಾಟ ಮತ್ತೆ ಮಾಡಿದರು. "ಇದು ಸುಣ್ಣದ ಗೆರೆಯಾಗೆ ಗೊತ್ತಾಗಲ್ಲ ನೋಡಕ್ಕ," ಎಂದರು, ಸಂಕೋಚಪಟ್ಟುಕೊಂಡು.

ಅತ್ತಿಗೆಗೆ ಹೆಣ್ಣು ಮಗು ಹುಟ್ಟಿತು. ಎಂಟನೇ ತಿಂಗಳಿಗೆ ಅದು ಅಂಬೆಗಾಲಿಡಲು ಶುರುಮಾಡಿತು. ತಡೆಯುವ ಹೊಸಿಲು ಒಂದೂ ಇಲ್ಲದ ಮನೆ. ಅಡುಗೆಮನೆಯಿಂದ ಹಾಲು, ಹಾಲಿನಿಂದ ನನ್ನ ಕೋಣೆ, ಒಂದೇ ಓಟ. ಹಿಡಿಯಲು ಅಟ್ಟಿಸಿಕೊಂಡು ಹೋಗುತ್ತಿದ್ದವಳು ನಾನು. ನಾವಿಬ್ಬರೂ ಒಂದೇ ಎತ್ತರದಲ್ಲಿದ್ದೆವು. ಮನೆಯಲ್ಲಿ ಅವಳನ್ನು ಓಡಿ ಹಿಡಿಯಬಲ್ಲವಳು ಅತ್ತೆಯೊಬ್ಬಳೇ ಎಂದು ಅಣ್ಣ ಹೇಳುತ್ತಿದ್ದ.

ಹೊಲಿಗೆ ಕೋಣೆಗೆ ಹುಡುಗಿಯರು ಕಲಿಯಲು ಬರತೊಡಗಿದರು, ಮೊದಲು ಇಬ್ಬರು, ಆಮೇಲೆ ಒಂಬತ್ತು. ಮಷೀನಿಗೆ ಮೋಟರು ಹಾಕಿಸಿದೆ. ಮೂರು ನಾಲ್ಕು ವರ್ಷದಲ್ಲಿ ಅವ್ವನ ಮಂಡಿ ಕೈಕೊಟ್ಟಿತು. ನನಗಾಗಿ ಬಚ್ಚಲ ಗೋಡೆಗೆ ಹಾಕಿಸಿದ್ದ ಕಬ್ಬಿಣದ ಹಿಡಿಯನ್ನು ಈಗ ಅವಳೂ ಹಿಡಿಯುತ್ತಿದ್ದಳು. ನನ್ನ ಕಡಪ ಕಲ್ಲಿನ ಕಟ್ಟೆಯ ಮುಂದೆ ಮಣೆ ಹಾಕಿಕೊಂಡು ಕೂತು ರೊಟ್ಟಿ ತಟ್ಟುತ್ತಾ, "ನಿಂತ್ಕಂಡು ಅಡುಗೆ ಮಾಡೋದು ಯಾವ ಪುಣ್ಯಾತ್ಮ ಕಂಡ್ಹಿಡ್ದನೋ," ಎನ್ನುತ್ತಿದ್ದಳು. ಬೆಳಿಗ್ಗೆ ಮಾತ್ರ ಯಾರಿಗೂ ಬಿಡದೆ, ಗೋಡೆ ಹಿಡಿದು ಬಗ್ಗಿ ಹೊಸಿಲಿಗೆ ಅರಿಶಿನ ಹಚ್ಚುತ್ತಿದ್ದಳು.

ನಮ್ಮ ಮನೆಯ ಸುದ್ದಿ ಹಬ್ಬಿದ್ದು ಮೇಸ್ತ್ರಿಯಿಂದ. ಎಲ್ಲಿ ಕೆಲಸಕ್ಕೆ ಹೋದರೂ ಹೇಳುತ್ತಿದ್ದರಂತೆ. ಒಂದು ದಿನ ಅತ್ತಿಗೆಯ ತವರಿನ ಕಡೆ ಹೊಸದುರ್ಗದಿಂದ ದಂಪತಿಗಳು ಬಂದರು. ಅವರ ತಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ಮನೆ ಕಟ್ಟಬೇಕೆಂದಿದ್ದರು. ಒಂದು ಸಂಜೆ ಪೂರ್ತಿ ನಮ್ಮ ಮನೆಯೊಳಗೆ ಓಡಾಡಿ ನೋಡಿದರು, ಕೊನೆಗೆ ಆ ಹೆಂಗಸು ಬಚ್ಚಲ ಬಾಗಿಲು ಹಾಕಿಕೊಂಡು ಒಳಗೆ ಕೂತೂ ನೋಡಿದಳು. ಅವರಿಗೆ ಕಂದು ಕಾಗದದ ಮೇಲೆ ಬರೆದುಕೊಟ್ಟೆ, ಗೋಡೆ ದಪ್ಪ ಸೇರಿಸಿ. ಭೀಮಸಮುದ್ರದ ಅಡಿಕೆ ವ್ಯಾಪಾರದ ದೊಡ್ಡ ಮನೆಯವರು ಕಾರು ಕಳಿಸಿದ್ದರು, ಅಜ್ಜಿಗೆ ಕೆಳಗೊಂದು ರೂಮು ಮಾಡಬೇಕು ಎಂದು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷದಲ್ಲಿ ಇಂಥ ಹನ್ನೊಂದು ಮನೆಗಳಿಗೆ ಬರೆದುಕೊಟ್ಟೆ. ನಾನು ಎಂಜಿನಿಯರಲ್ಲ. ಕಂಬಿ ಎಷ್ಟು, ಸಿಮೆಂಟು ಎಷ್ಟು ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಎದ್ದಾಗ ಏನು ಹಿಡಿಯುತ್ತಾರೆ, ಯಾರಿಗೆ ಯಾವುದು ಕೈಗೆ ಎಟುಕುವುದಿಲ್ಲ, ಇಷ್ಟನ್ನು ಕೇಳುತ್ತೇನೆ. ಮನೆಯ ಗಂಡಸರು ಬೇಗ ಹೇಳಿ ಮುಗಿಸುತ್ತಾರೆ. ಆಮೇಲೆ ಹೆಂಗಸರನ್ನು ಬೇರೆ ಕೂರಿಸಿಕೊಂಡು ಕೇಳಿದರೆ ನಿಜವಾದ ಮನೆ ಹೊರಗೆ ಬರುತ್ತದೆ.

ಹೊಳಲ್ಕೆರೆಯಲ್ಲಿ ಒಬ್ಬ ಯಜಮಾನರಿಗೆ ಹೀಗೆ ಬರೆದುಕೊಟ್ಟಿದ್ದೆ. ಸೊಂಟ ಮುರಿದ ಮೇಲೆ ಎರಡು ವರ್ಷ ಒಳಗಿನ ಕೋಣೆಯಿಂದ ಹೊರಗೆ ಬಂದವರಲ್ಲ. ನಾನು ಅಳತೆ ತೆಗೆದುಕೊಳ್ಳಲು ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ದರು, ಮಾತೂ ಆಡಿರಲಿಲ್ಲ. ಮನೆ ಮುಗಿದು ಆರು ತಿಂಗಳಾದ ಮೇಲೆ ಮೇಸ್ತ್ರಿ ಜೊತೆ ನೋಡಲು ಹೋದೆ. ಅವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಗುರುತು ಹಿಡಿದರು.

"ಬರ್ರಿ, ಬರ್ರಿ. ನಿಮ್ಮ ಮೇಲೆ ಒಂದು ದೂರು ಐತೆ," ಎಂದರು.

"ಏನಾಯ್ತು ಯಜಮಾನ್ರೆ?"

"ಈ ಇಳಿಜಾರು ಮಾಡ್ಸಿದ್ರಲ್ಲ, ಓಣಿ ಹುಡುಗ್ರೆಲ್ಲ ಬಂದು ಇದ್ರ ಮೇಲೆ ಸೈಕಲ್ ಬಿಡ್ತಾರೆ. ದಿನಾ ಸಂಜೆ ಬೈದು ಬೈದು ನನ್ನ ಗಂಟ್ಲು ಹೋಗೈತೆ."

ಒಳಗಿನಿಂದ ಅವರ ಸೊಸೆ ನಗುತ್ತಾ ಕಾಫಿ ತಂದಳು. "ಸಂಜೆ ಹುಡುಗ್ರು ಬರ್ಲಿಲ್ಲ ಅಂದ್ರೆ ಇವ್ರೇ ಗೇಟಿನ ತನಕ ಹೋಗಿ ನೋಡ್ತಾರೆ," ಎಂದಳು. ಯಜಮಾನರು ಅವಳನ್ನು ಗದರಿಸಿ, ಕೋಲೆತ್ತಿ ಬೀದಿಯ ತುದಿ ತೋರಿಸಿದರು.

"ಆ ಮೂಲೆ ಮನೆಯೋರೂ ಪಾಯ ತೆಗಿತಾ ಅವ್ರೆ. ನಾಲ್ಕಡಿ ಎತ್ತರ ಅಂತೆ, ಆರು ಮೆಟ್ಲಂತೆ. ಅವ್ರ ತಾಯಿಗೆ ನನಗಿಂತ ವಯಸ್ಸಾಗೈತೆ. ನಾನು ಹೇಳಿದ್ರೆ ಕೇಳಲ್ಲ, ನೀವೊಂದು ಮಾತು ಹೇಳಿ ಹೋಗ್ರಿ."

ಕಾಫಿ ಕುಡಿದಾದ ಮೇಲೆ ಮೇಸ್ತ್ರಿ ನನ್ನ ಊರುಗೋಲು ಕೊಟ್ಟರು. ನಾವು ಆ ಕಡೆ ಹೊರಟೆವು.